ಎರಡು ಚೌಕ

ಫಾರಮಿನ ಏಳನೇ ಸಾಲು: ಮೊದಲ ಸಲ, ಯಾವ ವಯಸ್ಸಿನಲ್ಲಿ?
ಎದುರಿಗೆ ಎರಡು ಪುಟ್ಟ ಚೌಕ, ಒಂದೊಂದಕ್ಕೆ ಒಂದೊಂದು ಅಂಕಿ.
ಅಚ್ಚು ಹಾಕಿದವನು ಅದಕ್ಕಿಂತ ಹೆಚ್ಚು ಯೋಚಿಸಿರಲಿಕ್ಕಿಲ್ಲ.

ಕುರ್ಲಾ ಪೂರ್ವ, ಹಿಟ್ಟಿನ ಗಿರಣಿಯ ಮೇಲಿನ ಮಹಡಿ.
ಕೆಳಗೆ ಜೋಳ ಬೀಸುವಾಗ ನನ್ನ ಮೇಜು ನಡುಗುತ್ತದೆ,
ಹಾರ್ಬರ್ ಲೈನಿನ ಗಾಡಿ ಹೋದರೆ ಕಿಟಕಿ.
ಇಪ್ಪತ್ತೇಳು ವರ್ಷ ಈ ನಡುಕದಲ್ಲೇ ಬರೆದಿದ್ದೇನೆ,
ಹೆಸರು ಮರಾಠಿಯಲ್ಲಿ, ಔಷಧ ಇಂಗ್ಲಿಷಿನಲ್ಲಿ,
ಲೆಕ್ಕ ಮಾತ್ರ ಬಾಯೊಳಗೇ, ಕನ್ನಡದಲ್ಲಿ,
ಈಗ ಬಾಗಿಲು ಹಾಕಿದ ಮುನಿಸಿಪಾಲ್ಟಿ ಶಾಲೆಯ
ಮಗ್ಗಿಯ ರಾಗದಲ್ಲಿ.

ಮೊದಲ ರಿಜಿಸ್ಟರಿನವರು ಮೀಸೆ ಹಣ್ಣಾದವರು.
ಮೂವತ್ತೊಂದು. ಇಪ್ಪತ್ತೆಂಟು. ಮೂವತ್ತನಾಲ್ಕು.
ಬಟ್ಟೆ ಗಿರಣಿಯ ಭೋಂಗಾ ನಿಂತ ಮೇಲೆ
ಮಧ್ಯಾಹ್ನಗಳು ಉದ್ದವಾದವು ಎಂದರು.
ಸಿಗರೇಟಿನ ಬೆಳ್ಳಿಕಾಗದದ ಮೇಲೆ ಬ್ರೌನ್ ಶುಗರು ಓಡಿಸಿದವರು
‘ಮೊದಲ ಸಲ’ ಎನ್ನುವಾಗ ನಾಚಿ
ಹೆಂಡತಿಯ ಕಡೆ ನೋಡುತ್ತಿದ್ದರು.

ಆಮೇಲೆ ಕೆಮ್ಮಿನ ಸಿರಪ್ಪಿನವರು, ಕೆಮ್ಮೇ ಇಲ್ಲದವರು:
ಹತ್ತೊಂಬತ್ತು, ಹದಿನೆಂಟು, ಕಾಲೇಜಿನ ಕಾರ್ಡು ಕೊರಳಲ್ಲೇ.
ಆಮೇಲೆ ಎಂ.ಡಿ., ಹದಿನೈದು.
ಹಲ್ಲು ಕಡಿಯುತ್ತ, ಫೋನು ನೋಡುತ್ತ,
ವಯಸ್ಸು ಕೇಳಿದರೆ ಕ್ಲಾಸು ಹೇಳುವವರು.
ಎಡ ಚೌಕದಲ್ಲಿ ಮೂರು ಹೋಗಿ ಎರಡಾಯಿತು,
ಎರಡು ಹೋಗಿ ಒಂದಾಯಿತು. ಒಂದು ಬಹಳ ವರ್ಷ ನಿಂತಿತು.
ಅದರ ಕೆಳಗೆ ಮೆಟ್ಟಿಲಿಲ್ಲ ಅಂದುಕೊಂಡಿದ್ದೆ.

ಮೊನ್ನೆ ಮಂಗಳವಾರ ದಗಡೂ ಪಾವಸ್ಕರ್ ಮಹಡಿ ಏರಿ ಬಂದರು,
ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಮ್ಮಗನ ಮಣಿಕಟ್ಟು.
‘ಜಲಜಾತಾಯಿ, ನನ್ನ ಪುಟ ಇನ್ನೂ ಇದೆಯಾ?’
ಇದೆ. ಇಲಿ ಅಂಚು ತಿಂದಿದೆ, ಮೂವತ್ತೊಂದನ್ನು ತಿಂದಿಲ್ಲ.
ನಡುವಿನ ರಿಜಿಸ್ಟರು ಅವರು ಕೇಳಲಿಲ್ಲ, ನಾನು ತೆಗೆಯಲಿಲ್ಲ.
ಅದರಲ್ಲಿ ಅವರ ಮಗ, ಹತ್ತೊಂಬತ್ತು,
ಪುಟದ ಅಡಿಯಲ್ಲಿ ಕೆಂಪು ಗೆರೆ.

‘ನಾನಾದರೂ,’ ಎಂದರು ಬೆಂಚಿನಲ್ಲಿ ಉಸಿರು ಹುಡುಕುತ್ತ,
‘ಎರಡು ಸಲ ವೋಟು ಹಾಕಿದ್ದೆ, ಮದುವೆಯಾಗಿದ್ದೆ,
ಸಂಬಳ ಎಣಿಸಿದ್ದೆ. ಕಳೆದುಕೊಳ್ಳಲು ಏನಾದರೂ ಇತ್ತು. ಇವನು...’
ಆ ದನಿಯಲ್ಲಿ, ದೇವರಾಣೆ, ಒಂದು ಚೂರು ಜಂಬವಿತ್ತು.
ಆಮೇಲೆ ಅದು ಅವರಿಗೇ ಕೇಳಿಸಿತು.
ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಪ್ರಥಮೇಶ, ಈಗ ಹನ್ನೆರಡು. ಮೂಗಿನ ಕೆಳಗೆ ಒಣಗಿದ ಕೆಂಪು ಕಲೆ.
‘ನಾಲ್ಕನೇ ಇಯತ್ತೆ. ದೀಪಾವಳಿ ರಜೆ.
ಬೂಟಿನ ಅಂಗಡಿಯ ಹಿಂದೆ, ಕರ್ಚೀಫಿನಲ್ಲಿ’
ಪಾಠ ಒಪ್ಪಿಸಿದಂತೆ.
ಅಂದರೆ ಒಂಬತ್ತು.
ಕೈ ರೂಢಿಯಂತೆ ಎಡ ಚೌಕಕ್ಕೇ ಹೋಗಿ ಒಂಬತ್ತು ಬರೆಯಿತು.
ಬಲ ಚೌಕ ಬಾಯಿ ತೆರೆದು ಕೂತಿತ್ತು.
ಇವನೇನು ತೊಂಬತ್ತರ ಮುದುಕನೇ?

ತಪ್ಪು ಮುಚ್ಚಲು ಡ್ರಾಯರಿನಿಂದ ವೈಟ್ನರ್ ತೆಗೆದೆ,
ಮುಚ್ಚಳ ತಿರುವಿದೆ.
ಹುಡುಗ ಅಲುಗಲಿಲ್ಲ. ಹೊಳ್ಳೆಗಳಷ್ಟೇ ಅರಳಿದವು,
ಕರು ತಾಯಿಯ ವಾಸನೆ ಹಿಡಿದ ಹಾಗೆ.
ಗಾಡಿ ಹೋಯಿತು. ಕಿಟಕಿ ನಡುಗಿತು.
ನಾನು ಮುಚ್ಚಳ ಹಾಕುವಷ್ಟರಲ್ಲಿ
ಅಜ್ಜ ಮೊಮ್ಮಗ ಬೇರೆ ಬೇರೆ ಗೋಡೆ ನೋಡುತ್ತಿದ್ದರು.

ಒಂಬತ್ತನ್ನು ಪೆನ್ನಿನಿಂದಲೇ ಹೊಡೆದುಹಾಕಿದೆ.
ಪಕ್ಕದ ಅಂಚಿನಲ್ಲಿ ಮೊದಲು ಸೊನ್ನೆ, ಆಮೇಲೆ ಒಂಬತ್ತು.
ಇಷ್ಟು ವರ್ಷದಲ್ಲಿ ಆ ಸೊನ್ನೆ ಬೇಕಾಗಿರಲಿಲ್ಲ.
ಹುಡುಗ ಬಗ್ಗಿ ನೋಡಿದ.
‘ನನ್ನ ರೋಲ್ ನಂಬರೂ ಅದೇ ಮೇಡಂ,’ ಎಂದು ನಕ್ಕ,
ಬಂದಾಗಿನಿಂದ ಒಂದೇ ಸಲ.

ಈಗ ರಿಜಿಸ್ಟರಿನ ತುಂಬ ಹೊಡೆದುಹಾಕಿದ ಗೆರೆಗಳು.
ಡಾಕ್ಟರು ಗೊಣಗುತ್ತಾರೆ, ಗೊಣಗಲಿ.
ಬಾಟಲಿಯನ್ನು ಗಟಾರಕ್ಕೆ ಎಸೆಯಲು ಭಯ, ಯಾರೋ ಹೆಕ್ಕಿಯಾರು.
ಮನೆಯ ಅಟ್ಟದ ಮೇಲಿಟ್ಟೆ. ಮೊಮ್ಮಗಳಿಗೆ ಎಟುಕದು.
ಎಷ್ಟು ವರ್ಷ ಎಟುಕದು ಎಂದು ಬೆರಳು ಮಡಿಸಿದೆ,
ಎರಡು ಮಡಿಸಿ ಬಿಟ್ಟೆ.
ಕೆಳಗಿಳಿಸಿ ಮತ್ತೆ ಚೀಲಕ್ಕೆ ಹಾಕಿಕೊಂಡೆ.
ಲೇಡೀಸ್ ಡಬ್ಬಿಯಲ್ಲಿ ದಿನಾ ನನ್ನ ಜೊತೆ
ಅದೂ ಹೋಗುತ್ತದೆ, ಅದೂ ಬರುತ್ತದೆ.